ಸೋಗಾನೆಗೆ ಬಂದ ವಿಮಾನ, ತುಮರಿಗೆ ಬಂದ ಸೇತುವೆ

ನಾನು ವಾಸಿಸುವ ವಾಗೆನಿಂಗನ್ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಈ ಊರಿನ ಹೆಸರನ್ನೂ ಹೊತ್ತಿರುವ ನಿಲ್ದಾಣವೊಂದು ಇದೆ, ಆದರೆ ಅದು ನೆರೆಯ ಏಡ ಪಟ್ಟಣದಲ್ಲಿದೆ. ಅಲ್ಲಿ ಇಳಿದು ಬಸ್ಸು ಹತ್ತಬೇಕು, ಇಲ್ಲವೇ ಸೈಕಲ್ ತುಳಿಯಬೇಕು. ಆದರೂ ಜಗತ್ತಿನ ಮೂಲೆಮೂಲೆಯಿಂದ ಕೃಷಿ ವಿಜ್ಞಾನಿಗಳು ಬಂದು ಹೋಗುವ ಈ ಊರನ್ನು ಯಾರೂ ದುರ್ಗಮವೆನ್ನುವುದಿಲ್ಲ. ಬಸ್ಸು ರಾತ್ರಿಯಾದರೂ ಬರುತ್ತದೆ. ಒಂದು ಊರು ಎಷ್ಟು ದುರ್ಗಮವೆಂಬುದನ್ನು ನಾನು ಈಗೀಗ ಕೊನೆಯ ಕೆಲವು ಮೈಲಿಗಳಿಂದಲೇ ಅಳೆಯುತ್ತೇನೆ. ಮಲೆನಾಡಿನ ವಿಮಾನದ ವಿಚಾರವನ್ನೂ ಹಾಗೆಯೇ ನೋಡಬೇಕೆನಿಸುತ್ತದೆ.

ಶಿವಮೊಗ್ಗದ ಹೊರವಲಯದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣವು ೨೦೨೩ರ ಫೆಬ್ರವರಿ ೨೭ರಂದು ಉದ್ಘಾಟನೆಯಾಯಿತು. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಅದೇ ವರ್ಷದ ಆಗಸ್ಟ್ ೩೧ರಂದು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಆದರೆ ಆ ದಿನ ಬಂದದ್ದು ಎಪ್ಪತ್ತು ಚಿಲ್ಲರೆ ಆಸನಗಳ ಎಟಿಆರ್ ವಿಮಾನ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲೇ ಒಂದು ಮಹಾ ವಿಸ್ಮಯ. ಅದರ ಕರ್ತೃವಿನ ಹೆಸರು ವಿಮಾನ ನಿಲ್ದಾಣಕ್ಕೆ ಬಂದಿರುವುದನ್ನು ಕಂಡು ನಾನು ಸಂತೋಷದಿಂದಲೇ ನಕ್ಕಿದ್ದೇನೆ.

ಈ ವಿಮಾನ ಮಲೆನಾಡಿನಿಂದ ಏನನ್ನು ಒಯ್ಯುತ್ತದೆ? ಕೀನ್ಯಾದ ನೈವಾಶಾ ಸರೋವರದ ಸೀಮೆಯಲ್ಲಿ ಕೊಯ್ದ ಗುಲಾಬಿಗಳು ಸ್ಕಿಪೋಲ್ ನಿಲ್ದಾಣಕ್ಕೆ ಹಾರಿ ಬಂದು, ಪಕ್ಕದ ಆಲ್ಸ್‌ಮೇರ್ ಹರಾಜು ಕಟ್ಟೆಯನ್ನು ಸೇರುತ್ತವೆ. ಬೇಗ ಬಾಡುವ, ಹಗುರವಾದ, ಹೆಚ್ಚು ಬೆಲೆಯ ಸರಕಿದ್ದುದರಿಂದಲೇ ಅಲ್ಲಿ ವಿಮಾನ ಒಂದು ಸೀಮೆಯ ಕೂಲಿ, ನೀರು, ನೆಲ ಎಲ್ಲವನ್ನೂ ಬದಲಿಸಿತು. ನಮ್ಮ ಅಡಕೆ ಹಾಗಲ್ಲ. ಒಣಗಿಸಿಟ್ಟರೆ ಧಾರಣೆ ಏರುವ ತನಕ ಅಟ್ಟದ ಮೇಲೆ ಕಾಯುತ್ತದೆ, ಆಮೇಲೆ ಲಾರಿಯಲ್ಲಿ ಉತ್ತರಕ್ಕೆ ಹೋಗುತ್ತದೆ. ಮೆಣಸಿಗೂ ಅವಸರವಿಲ್ಲ. ಹೀಗಾಗಿ ಸೋಗಾನೆಯ ವಿಮಾನ ಒಯ್ಯುವುದು ಜನರನ್ನು. ಅವರಲ್ಲಿ ಬಹಳ ಮಂದಿ ಊರು ಬಿಟ್ಟ ನನ್ನಂಥವರು ಎಂಬುದು ನನ್ನ ಊಹೆ.

ನೇಪಾಳದ ಲುಕ್ಲಾ ಇದಕ್ಕೆ ತೀರ ಭಿನ್ನ. ಎಡ್ಮಂಡ್ ಹಿಲರಿ ೧೯೬೪ರಲ್ಲಿ ಅಲ್ಲಿ ಇಳಿದಾಣ ಮಾಡಿಸಿದ್ದು ಖುಂಬು ಕಣಿವೆಯ ಶಾಲೆ, ಆಸ್ಪತ್ರೆಗಳಿಗೆ ಸಾಮಗ್ರಿ ತಲುಪಿಸಲಿಕ್ಕೆ. ಕುಂಡೆ ಆಸ್ಪತ್ರೆ ೧೯೬೬ರಲ್ಲಿ ತೆರೆಯಿತು. ವಿಮಾನ ಬಂದು ನಿಂತದ್ದು ಶೆರ್ಪಾಗಳ ಅಂಗಳದಲ್ಲಿಯೇ. ಲಾಭದ ಬೆನ್ನಿಗೆ ನಷ್ಟವೂ ಬಂತು: ಚಾರಣಿಗರು ನೇರವಾಗಿ ಹಾರಿ ಬರತೊಡಗಿದ ಮೇಲೆ ಜಿರಿಯಿಂದ ನಡೆದು ಬರುವ ಹಳೆಯ ದಾರಿಯ ಹಳ್ಳಿಗಳಿಗೆ ಗಿರಾಕಿಗಳು ತಗ್ಗಿದರು. ವಿಮಾನ ಯಾವ ಊರಿನಲ್ಲಿ ಇಳಿಯುತ್ತದೆ ಎಂಬುದರಷ್ಟೇ, ಯಾವ ಊರುಗಳ ತಲೆಯ ಮೇಲೆ ಹಾದು ಹೋಗುತ್ತದೆ ಎಂಬುದೂ ಮುಖ್ಯ.

ಸೋಗಾನೆ ಇರುವುದು ಮಲೆನಾಡಿನ ಬಾಗಿಲಲ್ಲಿ. ಶರಾವತಿ ಹಿನ್ನೀರಿನಾಚೆಯ ತುಮರಿಗೆ ಅಲ್ಲಿಂದ ನೂರಕ್ಕೂ ಹೆಚ್ಚು ಕಿಲೋಮೀಟರು. ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿಯಿತು. ಲುಕ್ಲಾಕ್ಕೆ ಆಕಾಶ ತೆರೆದ ಆ ವರ್ಷವೇ ಕರೂರು, ಬಾರಂಗಿ ಸೀಮೆಯ ಜನಕ್ಕೆ ನೆಲದ ದಾರಿ ಮುಚ್ಚಿತು. ನಾಡಿಗೆ ವಿದ್ಯುತ್ತು ಕೊಟ್ಟ ನೀರು ಅವರನ್ನು ದಡದಲ್ಲಿ ಕೂರಿಸಿತು. ಸಂಜೆಯಾದ ಮೇಲೆ ಲಾಂಚ್ ಇರುತ್ತಿರಲಿಲ್ಲ; ಬೇಸಿಗೆಯಲ್ಲಿ ನೀರು ಇಳಿದರೆ ಅದರಲ್ಲಿ ವಾಹನಗಳಿಗೆ ಜಾಗವಿರುತ್ತಿರಲಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು ೨೦೨೫ರ ಜುಲೈ ೧೪ರಂದು, ಅಂದರೆ ವಿಮಾನ ಬಂದು ಸುಮಾರು ಎರಡು ವರ್ಷಗಳ ಬಳಿಕ. ಮೊದಲು ಆಕಾಶ, ಆಮೇಲೆ ಹೊಳೆ! ಈ ಕ್ರಮವನ್ನು ನಾನು ಒಪ್ಪಲಾರೆ. ಹೆರಿಗೆ ನೋವು ರಾತ್ರಿ ಹತ್ತಕ್ಕೆ ಶುರುವಾದರೆ ಆ ಮನೆಗೆ ಬೇಕಾದದ್ದು ಸೇತುವೆ. ಮಲೆನಾಡಿನ ಎಷ್ಟೋ ಕಡೆಯ ರೋಗಿಗಳು ದೊಡ್ಡ ಚಿಕಿತ್ಸೆಗೆ ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ಆ ಘಾಟಿಗಳು ಕುಸಿದಾಗ ಸೋಗಾನೆಯ ಎಟಿಆರ್ ಅವರ ಸಹಾಯಕ್ಕೆ ಬರುವುದಿಲ್ಲ. ಅದು ಹೋಗುವ ದಿಕ್ಕೇ ಬೇರೆ.

ಹಾಗೆಂದು ವಿಮಾನ ವ್ಯರ್ಥವೆಂದರೆ ನಾನು ಸುಳ್ಳು ಹೇಳಿದಂತೆ. ಅಮ್ಮ ಸಾಗರದ ಹಳ್ಳಿಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ವಿಮಾನ ಬಂತೆಂಬ ಸುದ್ದಿ ಕೇಳಿದಾಗ, ಆಕೆಯನ್ನು ಬೆಂಗಳೂರಿನ ಫ್ಲ್ಯಾಟಿಗೆ ಸಾಗಿಸುವ ಮಾತನ್ನು ನಾವು ಮಕ್ಕಳು ಮುಂದೂಡಿದೆವು. ಆಮೇಲೆ ಒಮ್ಮೆ ಆಕೆ ಬಿದ್ದಾಗ ಲೆಕ್ಕ ಹಾಕಿದೆ. ಆಮ್‌ಸ್ಟರ್‌ಡಾಮಿನಿಂದ ಹೊರಟು ನಾನು ಬೆಂಗಳೂರು ಮುಟ್ಟಿದ್ದು ನಡುರಾತ್ರಿ. ಸೋಗಾನೆಗೆ ಆಗ ಇದ್ದದ್ದು ಹಗಲಿನ ಹಾರಾಟ ಮಾತ್ರ. ಬೆಳಗಿನವರೆಗೆ ಕಾಯುವ ಬದಲು ಟ್ಯಾಕ್ಸಿ ಹಿಡಿದೆ, ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮನೆಯಲ್ಲಿದ್ದೆ.

ಇಂಥ ಮಾರ್ಗಗಳನ್ನು ನಂಬಿ ಕುಟುಂಬದ ನಿರ್ಧಾರ ಮಾಡುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಸಣ್ಣ ಊರುಗಳಿಗೆ ವಿಮಾನ ತರುವ ‘ಉಡಾನ್’ ಯೋಜನೆಯಡಿ ಮೊದಲ ಹಾರಾಟ ನಡೆದದ್ದು ೨೦೧೭ರಲ್ಲಿ, ಶಿಮ್ಲಾ ಎಂಬ ಬೆಟ್ಟದೂರಿನಿಂದಲೇ. ವಿಮಾನ ಸಂಸ್ಥೆಗೆ ಸಹಾಯಧನ ಸಿಗುವುದು ಮೂರು ವರ್ಷ. ಮಹಾಲೇಖಪಾಲರ ೨೦೨೩ರ ವರದಿಯ ಪ್ರಕಾರ, ಯೋಜನೆಯ ಮೊದಲ ಮೂರು ಸುತ್ತುಗಳಲ್ಲಿ ಹಂಚಿದ ೭೭೪ ಮಾರ್ಗಗಳಲ್ಲಿ ಆರಂಭವಾದವು ೩೭೧. ಮೂರು ವರ್ಷ ಪೂರೈಸಿದವು ೧೧೨. ಆ ಬಳಿಕವೂ ಉಳಿದವು ೫೪ ಮಾತ್ರ. ಸೇತುವೆಯನ್ನು ಪ್ರಯಾಣಿಕರು ಕಡಿಮೆಯೆಂದು ಯಾರೂ ಎತ್ತಿಕೊಂಡು ಹೋಗುವುದಿಲ್ಲ.

ಅಮ್ಮ ಈಗಲೂ ಊರಿನಲ್ಲಿಯೇ ಇದ್ದಾಳೆ. ಮೊನ್ನೆ ಫೋನಿನಲ್ಲಿ, ಹೊಳೆಯಾಚೆಯ ನೆಂಟರ ಮದುವೆಗೆ ಹೋಗಿ ರಾತ್ರಿ ಊಟ ಮುಗಿಸಿಕೊಂಡೇ ಬಂದೆ ಎಂದಳು.