ಎಂಟರಲ್ಲಿ ಒಂದು ಪಾಲಿನ ಚಕ್ಕಡಿ

ಮಕ್ಕಳೇ, ಸಮುದ್ರದ ದಂಡೆಯ ಊರುಗಳಲ್ಲಿ ಹಾಯಿದೋಣಿ ಇದ್ದವರು ಅದರ ಸಣ್ಣ ಮಾದರಿಯನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳುವುದುಂಟು. ಅಂಗಡಿಯಲ್ಲಿ ಸಿಗುವ ಯಾವುದೋ ದೋಣಿಯಲ್ಲ, ತಮ್ಮ ದೋಣಿಯೇ. ನಮ್ಮ ವಿಜಯಪುರಕ್ಕೆ ಸಮುದ್ರ ಎಲ್ಲಿಂದ ಬರಬೇಕು? ನಮಗಿರುವುದು ಡೋಣಿ ಹೊಳೆ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎನ್ನುವ ಮಾತನ್ನು ನಿಮ್ಮ ಅಜ್ಜಿಯನ್ನು ಕೇಳಿದರೆ ಹೇಳುತ್ತಾರೆ. ಆ ಕಾಳನ್ನು ಎರೆಹೊಲದಿಂದ ಮನೆಗೆ ತಂದದ್ದು ಚಕ್ಕಡಿ. ಹೀಗಾಗಿ ನಾನು ಮಾಡಿಸಿದ್ದು ನಮ್ಮ ಮನೆಯ ಚಕ್ಕಡಿಯ ಮಾದರಿ.

ಬಬಲೇಶ್ವರದ ಹಿತ್ತಲಲ್ಲಿ ಬೇವಿನ ಗಿಡದ ಕೆಳಗೆ ಅದು ಸುಮ್ಮನೆ ನಿಂತು ಬಹಳ ವರ್ಷವಾಯಿತು. ಎತ್ತು ಹೋದವು, ಟ್ರ್ಯಾಕ್ಟರ್ ಬಂತು. ಈಗ ಆ ಜಾಗದಲ್ಲಿ ನನ್ನ ತಮ್ಮನ ಮಕ್ಕಳು ಒಣದ್ರಾಕ್ಷಿಯ ಶೆಡ್ಡು ಹಾಕುತ್ತಿದ್ದಾರೆ. ಅರ್ಧ ಗೆದ್ದಲು ಹಿಡಿದ ಬಂಡಿ, ಯುಗಾದಿಯೊಳಗೆ ಬಿಚ್ಚಬೇಕು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ದ್ರಾಕ್ಷಿ ಒಣಗಲು ನೆರಳು ಬೇಕು, ಅದು ಅವರ ಅನ್ನ.

ಗಾಲಿ ಕಟ್ಟಬಲ್ಲ ಹಳೆಯ ಬಡಿಗರೊಬ್ಬರು ಟಿಕೋಟಾದಲ್ಲಿದ್ದಾರೆಂದು ಕೇಳಿ ಹೋದೆ. ಅವರ ಮೊದಲ ಪ್ರಶ್ನೆಯೇ ನನಗೆ ಹಿಡಿಸಿತು.

“ಮಾಸ್ತರ್ರ, ಶೋಕೇಸಿನ್ಯಾಗ ಇಡೂ ಬಂಡಿ ಬೇಕೇನ್ರಿ, ನಿಮ್ಮ ಬಂಡೀನ ಬೇಕೇನ್ರಿ?”

“ನಮ್ಮದ ಬೇಕು.”

“ಹಂಗಾರ ಅಳತಿ ತರ್ರಿ. ಕಣ್ಣಂದಾಜು ಬ್ಯಾಡ.”

ಏಳನೆಯ ತರಗತಿಯ ಮೊಮ್ಮಗಳು ಟೇಪು ಹಿಡಿದಳು, ನಾನು ಬರೆದುಕೊಂಡೆ. ಎಂಟು ಅಂಗುಲಕ್ಕೆ ಒಂದು ಅಂಗುಲ ಎಂದು ಗೊತ್ತು ಮಾಡಿಕೊಂಡೆವು. ಗಾಲಿ 60 ಅಂಗುಲ, ಮಾದರಿಯಲ್ಲಿ ಏಳೂವರೆ. ಮೂಕಿ 12 ಅಡಿ, ಮಾದರಿಯಲ್ಲಿ ಒಂದೂವರೆ. “ಹಂಗಾರ ತೂಕನೂ ಎಂಟರಾಗ ಒಂದು ಪಾಲೇನಜ್ಜಾ?” ಎಂದಳು. ಇಲ್ಲ. ಉದ್ದ, ಅಗಲ, ಎತ್ತರ ಮೂರೂ ಎಂಟು ಪಟ್ಟು ಇಳಿಯುತ್ತವೆ. ಎಂಟೆಂಟಲೆ 64, ಮತ್ತೆ ಎಂಟಲೆ 512. ನಾಲ್ಕು ಕ್ವಿಂಟಲ್ ಬಂಡಿ ಮುಕ್ಕಾಲು ಕಿಲೋದ ಮೇಲೆ ತುಸು ತೂಗುತ್ತದೆ, ಅಷ್ಟೇ.

ಅಳತೆ ತೆಗೆಯಲು ನಮ್ಮೆದುರು ಬಂಡಿಯೇ ಇತ್ತು. ಅದೂ ಇಲ್ಲದೆ ಕೆಲಸ ಮಾಡಿದವರಿದ್ದಾರೆ. 2025ರ ಮೇ 21ರಂದು ನಮ್ಮ ಕಾರವಾರದಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗು ಅದು. ಹಳೆಯ ನಕ್ಷೆ ಒಂದೂ ಇರಲಿಲ್ಲ, ಇದ್ದದ್ದು ಅಜಂತಾ ಗುಹೆಯ ಒಂದು ಚಿತ್ರ. ನೀರಿನಲ್ಲಿ ಹೇಗೆ ನಡೆದೀತು ಎಂದು ತಿಳಿಯಲು ಐಐಟಿ ಮದ್ರಾಸಿನಲ್ಲಿ ಮಾದರಿಯ ಪರೀಕ್ಷೆ ಮಾಡಿದರು. ಅದರ ಹಾಯಿಯ ಮೇಲೆ ನಮ್ಮ ಗಂಡಭೇರುಂಡವೂ ಇದೆ, ಚಿತ್ರ ಸಿಕ್ಕರೆ ನೋಡಿ.

ಇರಲಿ, ಟಿಕೋಟಾಕ್ಕೆ ಬರೋಣ. ನಮ್ಮ ಗಾಲಿಯ 12 ಅರೆಕಾಲುಗಳಲ್ಲಿ ಒಂದು ಬೇರೆ ಕಟ್ಟಿಗೆಯದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಿಂದ ಮರಳುವಾಗ ಮುರಿದದ್ದಕ್ಕೆ ಅಪ್ಪ ಹಾಕಿಸಿದ್ದು. ನೊಗದ ಬಲಗಡೆ ಎಡಗಡೆಗಿಂತ ಹೆಚ್ಚು ಸವೆದಿತ್ತು, ಬಲದ ಎತ್ತು ಯಾವಾಗಲೂ ಒಂದು ಹೆಜ್ಜೆ ಮುಂದೆಯೇ ಎಳೆಯುತ್ತಿತ್ತು. ಬಡಿಗರಿಗೆ ಇದನ್ನೆಲ್ಲ ನೇರ್ಪು ಮಾಡಿಕೊಡುವ ಆಸೆ. “ಮಂದಿ ನೋಡಿ ನನ್ನ ಕೆಲಸಾನ ಸೊಟ್ಟ ಅಂತಾರ್ರಿ” ಎಂದರು. ಅವರ ಸಂಕಟ ನನಗೆ ತಿಳಿಯಿತು, ಆದರೂ ಇದೊಂದರಲ್ಲಿ ನಾನು ಸಡಿಲಲಿಲ್ಲ. ಸವೆತ ತೆಗೆದರೆ ಅದು ಯಾರ ಬಂಡಿಯೂ ಆದೀತು. ಕೊನೆಗೆ ಬೇವಿನ ಕಟ್ಟಿಗೆಯ ಒಂದು ಅರೆಕಾಲು ಕೂಡಿಸಿದರು, ನೊಗದ ಬಲಗಡೆಯನ್ನು ಅರದಿಂದ ಉಜ್ಜಿದರು. ಉಳಿದದ್ದಕ್ಕೆಲ್ಲ ಆ ಹಳೆಯ ಬಂಡಿ ಬಿಚ್ಚಿದಾಗ ಗಟ್ಟಿ ಉಳಿದ ಜಾಲಿ ಕಟ್ಟಿಗೆಯೇ.

ಕಷ್ಟವಾದದ್ದು ಗಾಲಿಯ ಸುತ್ತಲಿನ ಕಬ್ಬಿಣದ ಹಳಿ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿಯೇ ಮಾಡುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದರೆ ಹಿಗ್ಗುತ್ತದೆ, ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಕಟ್ಟಿಗೆಯನ್ನೆಲ್ಲ ಬಿಗಿಯುತ್ತದೆ. ಐದಡಿ ಗಾಲಿಯ ಹಳಿ ಸುಮಾರು 16 ಅಡಿ ಉದ್ದ, 500 ಡಿಗ್ರಿ ಕಾಯಿಸಿದರೆ ಒಂದು ಅಂಗುಲಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ. ನಮ್ಮ ಪುಟ್ಟ ಹಳಿಗೆ ಸಿಕ್ಕದ್ದು ಮೂರೂವರೆ ಮಿಲಿಮೀಟರ್. ಲೆಕ್ಕ ಸರಿಯೇ, ಆದರೆ ತೆಳು ಕಬ್ಬಿಣ ಬೇಗ ಆರುತ್ತದೆ. ಇಕ್ಕಳದಲ್ಲಿ ಹಿಡಿದು ಗಾಲಿಯ ತನಕ ತರುವಷ್ಟರಲ್ಲಿ ಎರಡು ಸಲ ಕುಗ್ಗಿಹೋಯಿತು. ಮೂರನೆಯ ಸಲ ಗಾಲಿಯನ್ನೇ ಬೆಂಕಿಯ ಪಕ್ಕಕ್ಕೆ ತಂದಿಟ್ಟುಕೊಂಡರು. ಸುಂಯ್ ಎಂದು ಹೊಗೆ ಎದ್ದು ಹಳಿ ಕೂತಿತು.

ಹನ್ನೊಂದು ದಿನದ ಪಗಾರ ಕೇಳಿದರು. ಇಷ್ಟು ಸಣ್ಣದಕ್ಕೆ ಇಷ್ಟೊಂದೇ ಎಂದವರಿದ್ದಾರೆ. ಸಣ್ಣದಕ್ಕೇ ಹೆಚ್ಚು ದಿನ ಹಿಡಿಯುತ್ತದೆ, ಕೊಟ್ಟೆ. ನೀವೂ ಮಾಡಿಸುವುದಾದರೆ ಗಾಲಿ ತಿರುಗಬೇಕೋ ಬೇಡವೋ ಎನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ನಮ್ಮದು ತಿರುಗುತ್ತದೆ, ಕಡಾಣಿ ತೆಗೆದರೆ ಗಾಲಿ ಕಳಚಿ ಬರುತ್ತದೆ.

ಬಂಡಿಯೇನೋ ಮೇಜಿನ ಮೇಲೆ ನಿಂತಿದೆ, ಎತ್ತು ಬೇಕಲ್ಲ? ಮಣ್ಣೆತ್ತಿನ ಅಮಾವಾಸ್ಯೆಗೆ ತಂದ ಎತ್ತುಗಳನ್ನು ಮೊಮ್ಮಗಳು ಹೂಡಿ ನೋಡಿದಳು. ನೊಗದ ಕೆಳಗೆ ಕರುಗಳಂತೆ ಕಂಡವು. ನಮ್ಮ ಎತ್ತು 54 ಅಂಗುಲ ಎತ್ತರವಿದ್ದವು, ಎಂಟರಿಂದ ಭಾಗಿಸಿದರೆ ಆರೂಮುಕ್ಕಾಲು. ಮುಂದಿನ ಅಮಾವಾಸ್ಯೆಗೆಂದು ಆ ಅಳತೆಯನ್ನು ಕುಂಬಾರರಿಗೆ ಬರೆದುಕೊಟ್ಟು ಬಂದಿದ್ದಾಳೆ. ಬಲದ ಎತ್ತಿನದು ಒಂದು ಹೆಜ್ಜೆ ಮುಂದಿರಬೇಕು ಎಂದೂ ಬರೆದಿದ್ದಾಳೆ.