ವಿಕಿರಣ ಹೆಚ್ಚಲಿಲ್ಲ ಎಂಬ ಮಾತಿನಾಚೆಗಿನ ಸಾವುಗಳು

ಪರಮಾಣು ಸ್ಥಾವರವೊಂದರ ಮೇಲೆ ಬಾಂಬು ಬಿದ್ದೊಡನೆ ಜಗತ್ತು ಕೇಳುವ ಮೊದಲ ಪ್ರಶ್ನೆ ಹೊರಗೆ ವಿಕಿರಣ ಸೋರಿತೇ ಎಂಬುದಾಗಿದ್ದು, ಸೋರಿಲ್ಲ ಎಂಬ ಉತ್ತರ ಸಿಕ್ಕ ಮೇಲೆ ಆ ದಾಳಿಯಿಂದಾದ ಮಾನವ ಹಾನಿಯ ಲೆಕ್ಕವನ್ನು ಯಾರೂ ಮುಂದುವರಿಸುವುದಿಲ್ಲ. 2025ರ ಜೂನ್ 13ರಂದು ಇಸ್ರೇಲ್ ಇರಾನಿನ ನತಾಂಜ್ ಘಟಕದ ಮೇಲೆ ದಾಳಿ ಮಾಡಿದಾಗಲೂ, ಜೂನ್ 22ರಂದು ಅಮೆರಿಕದ ಬಿ-2 ವಿಮಾನಗಳು ಫೋರ್ದೋ ಮತ್ತು ನತಾಂಜ್‌ಗಳ ಮೇಲೆ ತಲಾ 13 ಟನ್ನಿಗೂ ಹೆಚ್ಚು ತೂಕದ 14 ಬಾಂಬುಗಳನ್ನು ಹಾಕಿದಾಗಲೂ, ಘಟಕಗಳ ಹೊರಗೆ ವಿಕಿರಣದ ಮಟ್ಟ ಏರಿಲ್ಲವೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ತಿಳಿಸಿತು. ಆ ಮಾತು ಸುಳ್ಳಲ್ಲ. ಆದರೆ ಇಂಥ ದಾಳಿಗಳಲ್ಲಿ ನಾಗರಿಕರು ತೆರುವ ಬೆಲೆಯನ್ನು ಆ ಒಂದೇ ಅಳತೆಗೋಲಿನಿಂದ ಅಳೆಯಲಾಗದು ಎಂಬುದಕ್ಕೆ ಎಂಟು ದಶಕಗಳ ಇತಿಹಾಸವೇ ಸಾಕ್ಷಿಯಾಗಿದೆ.

ಪರಮಾಣು ಯೋಜನೆಯೊಂದನ್ನು ತಡೆಯಲು ನಡೆದ ಮೊದಲ ದಾಳಿಗಳು ನಾರ್ವೆಯ ರ್‍ಯೂಕನ್ ಪಟ್ಟಣದ ಬಳಿಯ ವೆಮೋರ್ಕ್ ಕಾರ್ಖಾನೆಗೆ ಸೇರಿದವು. ರಿಯಾಕ್ಟರಿನಲ್ಲಿ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಬಳಸುವ ಭಾರಜಲ ಅಲ್ಲಿ ತಯಾರಾಗುತ್ತಿದ್ದು, ಅದು ಹಿಟ್ಲರನ ವಿಜ್ಞಾನಿಗಳ ಕೈಸೇರಬಾರದೆಂದು ನಾರ್ವೆಯ ಕೆಲವೇ ಸೈನಿಕರು 1943ರ ಫೆಬ್ರುವರಿಯಲ್ಲಿ ಒಳನುಸುಳಿ ಭಾರಜಲದ ಕೋಶಗಳನ್ನು ಸ್ಫೋಟಿಸಿದರು. ಒಂದು ಗುಂಡೂ ಹಾರಲಿಲ್ಲ, ಒಂದು ಜೀವವೂ ಹೋಗಲಿಲ್ಲ. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕ ನೂರಕ್ಕೂ ಹೆಚ್ಚು ಬಾಂಬರ್‌ಗಳನ್ನು ಕಳಿಸಿದಾಗ, ನೆಲಮಾಳಿಗೆಯಲ್ಲಿದ್ದ ಭಾರಜಲ ಬಹುಪಾಲು ಹಾಗೆಯೇ ಉಳಿದು, ರಕ್ಷಣೆಗೆಂದು ಆಶ್ರಯತಾಣದಲ್ಲಿ ಅಡಗಿದ್ದವರೂ ಸೇರಿದಂತೆ ಸುಮಾರು ಇಪ್ಪತ್ತು ಮಂದಿ ನಾಗರಿಕರು ಸತ್ತರು. ಉಳಿದ ಭಾರಜಲವನ್ನು ಜರ್ಮನಿಗೆ ಸಾಗಿಸಲು ಮುಂದಾದಾಗ, ಅದನ್ನು ಹೊತ್ತ ರೈಲು ಬೋಗಿಗಳು ಟಿನ್ ಸರೋವರವನ್ನು ದಾಟಬೇಕಿದ್ದ ಹಡಗು ಊರವರ ನಿತ್ಯದ ಪ್ರಯಾಣದ ಹಡಗೂ ಆಗಿತ್ತು. ಅದನ್ನು ಮುಳುಗಿಸಲು ನೇಮಕಗೊಂಡ ನಾರ್ವೆಯವರು ಇದು ಅಷ್ಟು ಜೀವಗಳಿಗೆ ತಕ್ಕದ್ದೇ ಎಂದು ಲಂಡನ್ನಿಗೆ ಸಂದೇಶ ಕಳಿಸಿ ಕೇಳಿದರು, ಆಗಲೇಬೇಕು ಎಂಬ ಉತ್ತರ ಬಂದಿತು, ಮತ್ತು 1944ರ ಫೆಬ್ರುವರಿ 20ರ ಭಾನುವಾರ ಬೆಳಿಗ್ಗೆ ಹಡಗಿನೊಂದಿಗೆ 18 ಜನ ಮುಳುಗಿದರು. ಅವರಲ್ಲಿ 14 ಮಂದಿ ನಾರ್ವೆಯವರೇ. ಆ ಪ್ರಶ್ನೆಯನ್ನು ಕೇಳಿದ್ದೇ ಅವರ ದೊಡ್ಡತನ. ಅನಂತರದ ದಾಳಿಗಳ ಕಾಗದಪತ್ರಗಳಲ್ಲಿ ಅಂಥ ಪ್ರಶ್ನೆ ಹುಡುಕಿದರೂ ಸಿಗುವುದು ಅಪರೂಪ.

ಯುದ್ಧ ಮುಗಿದರೂ ದಾಳಿ ಮುಗಿಯದ ಊರೊಂದಿದೆ. ಬರ್ಲಿನ್ನಿನ ಉತ್ತರಕ್ಕಿರುವ ಒರಾನಿಯನ್‌ಬರ್ಗ್‌ನಲ್ಲಿ ಯುರೇನಿಯಂ ಸಂಸ್ಕರಿಸುತ್ತಿದ್ದ ಔವರ್ ಕಂಪನಿಯ ಕಾರ್ಖಾನೆ ಸೋವಿಯತ್ ಸೇನೆಯ ವಶವಾಗಬಾರದೆಂದು, ಅಮೆರಿಕ 1945ರ ಮಾರ್ಚ್ 15ರಂದು 600ಕ್ಕೂ ಹೆಚ್ಚು ವಿಮಾನಗಳಿಂದ ಆ ಊರನ್ನು ನೆಲಸಮ ಮಾಡಿತು. ಕೂಡಲೇ ಸಿಡಿಯದೆ ಗಂಟೆಗಳೋ ದಿನಗಳೋ ಕಳೆದ ಮೇಲೆ ಸಿಡಿಯುವಂತೆ ರಾಸಾಯನಿಕ ಕೀಲು ಜೋಡಿಸಿದ್ದ ಬಾಂಬುಗಳು ಅಲ್ಲಿನ ಮೆದು ಮಣ್ಣಿನೊಳಗೆ ಹೂತುಹೋಗಿ, ಎಷ್ಟೋ ಬಾಂಬುಗಳು ಸಿಡಿಯದೆ ಉಳಿದವು. ಇಂದಿಗೂ ಆ ಊರಿನಲ್ಲಿ ಅಂಥ ಬಾಂಬೊಂದು ಸಿಕ್ಕರೆ ಸುತ್ತಲಿನ ಮನೆ, ಆಸ್ಪತ್ರೆ, ರೈಲು ನಿಲ್ದಾಣಗಳನ್ನು ತೆರವು ಮಾಡಿ, ತಜ್ಞರು ಗುಂಡಿಗಿಳಿದು ಕೀಲು ಬಿಚ್ಚುವವರೆಗೆ ಸಾವಿರಾರು ಜನ ಹೊರಗೆ ಕಾಯುತ್ತಾರೆ. ಮಣ್ಣಿನಲ್ಲಿ ಕಾರ್ಖಾನೆ ಬಿಟ್ಟುಹೋದ ವಿಕಿರಣದ ಅಂಶವೂ ಇದೆ.

ಇರಾನಿನ ಸಂದರ್ಭದಲ್ಲಿ ವಿಕಿರಣದ ಮಾತು ಮರೆಮಾಡಿದ್ದು ರಾಸಾಯನಿಕ ಅಪಾಯವನ್ನು. ನತಾಂಜ್, ಫೋರ್ದೋಗಳಲ್ಲಿ ನಡೆಯುತ್ತಿದ್ದ ಸಂವರ್ಧನೆ ಎಂದರೆ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ 235 ಎಂಬ ಐಸೋಟೋಪಿನ ಪಾಲನ್ನು ಹೆಚ್ಚಿಸುವ ಕೆಲಸ; ಅದಕ್ಕಾಗಿ ಯುರೇನಿಯಂ ಅನ್ನು ಹೆಕ್ಸಾಫ್ಲೋರೈಡ್ ಎಂಬ ಸಂಯುಕ್ತವಾಗಿ ಪರಿವರ್ತಿಸುತ್ತಾರೆ. ಅದು ಸಾಮಾನ್ಯ ತಾಪದಲ್ಲಿ ಬಿಳಿಯ ಘನವಾಗಿದ್ದು, 56 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ನೇರವಾಗಿ ಅನಿಲವಾಗುತ್ತದೆ. ಇಂಥ ಪರಿವರ್ತನೆ ನಡೆಯುತ್ತಿದ್ದ ಇಸ್ಫಹಾನ್ ಘಟಕವೂ ಆ ಜೂನ್‌ನಲ್ಲಿ ದಾಳಿಗೆ ಗುರಿಯಾಯಿತು, ಮತ್ತು ಇಸ್ಫಹಾನ್ ಇಪ್ಪತ್ತು ಲಕ್ಷದಷ್ಟು ಜನರಿರುವ ನಗರ. ಆ ಅನಿಲ ಗಾಳಿಯ ತೇವವನ್ನು ಮುಟ್ಟಿದರೆ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಅದು ಚರ್ಮದ ಒಳಪದರಗಳಿಗೆ ಇಳಿದು, ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಂಡು, ಹೃದಯದ ಬಡಿತವನ್ನೇ ತಪ್ಪಿಸಬಲ್ಲದು. ಕೆಲವೊಮ್ಮೆ ನೋವು ಗಂಟೆಗಳ ಬಳಿಕ ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆಗೆ ಕ್ಯಾಲ್ಸಿಯಂ ಗ್ಲುಕೋನೇಟ್ ಬೇಕು. ಅದು ಹತ್ತಿರದ ಆಸ್ಪತ್ರೆಯಲ್ಲಿ ಸಾಕಷ್ಟು ಇದೆಯೇ ಎಂಬುದು ಬಾಂಬು ಹಾಕುವವರ ಯೋಜನೆಯಲ್ಲಿ ಬರುವ ವಿಷಯವಲ್ಲ. ಯುದ್ಧವೇ ಇಲ್ಲದ ಅಮೆರಿಕದ ಒಕ್ಲಹೋಮದಲ್ಲಿ 1986ರ ಜನವರಿ 4ರಂದು, ಇದೇ ಸಂಯುಕ್ತವನ್ನು ಮಿತಿಮೀರಿ ತುಂಬಿದ್ದ ಒಂದೇ ಒಂದು ಸಿಲಿಂಡರ್ ಬಿಸಿಮಾಡುವಾಗ ಒಡೆದು ಕಾರ್ಮಿಕನೊಬ್ಬ ಸತ್ತಿದ್ದ. ಇರಾನಿನಲ್ಲಿ ಅಂಥ ಅನಿಲದ ಮೋಡ ಊರಿನತ್ತ ಬರಲಿಲ್ಲ ಎಂಬುದು ಸಮಾಧಾನದ ಸಂಗತಿಯೇ ಹೊರತು ದಾಳಿಯ ಸಮರ್ಥನೆಯಲ್ಲ.

ಚಾಲನೆಯಲ್ಲಿರುವ ರಿಯಾಕ್ಟರಿನ ಪ್ರಶ್ನೆ ಇನ್ನೂ ಗಂಭೀರವಾದುದು. 1981ರ ಜೂನ್ 7ರಂದು ಬಾಗ್ದಾದ್ ಬಳಿಯ ಒಸಿರಾಕ್ ರಿಯಾಕ್ಟರನ್ನು ಕೆಡವಿದ ಇಸ್ರೇಲ್, ಇಂಧನ ತುಂಬಿದ ಮೇಲೆ ದಾಳಿ ಮಾಡಿದರೆ ಬಾಗ್ದಾದಿನ ಜನರ ಮೇಲೆ ವಿಕಿರಣ ಸುರಿಯುತ್ತದೆ, ಆದ್ದರಿಂದ ಮೊದಲೇ ಮಾಡಬೇಕಾಯಿತು ಎಂದು ಹೇಳಿತ್ತು. ವಿದೇಶಿ ತಜ್ಞರು ಇರಲಾರರೆಂದು ಭಾನುವಾರವನ್ನೇ ಆರಿಸಿಕೊಂಡಿದ್ದರೂ ಫ್ರಾನ್ಸಿನ ನಾಗರಿಕನೊಬ್ಬ ಸತ್ತ. ಪರ್ಷಿಯನ್ ಕೊಲ್ಲಿಯ ತೀರದಲ್ಲಿರುವ ಇರಾನಿನ ಬುಶೆಹ್ರ್‌ನ 1,000 ಮೆಗಾವಾಟ್ ವಿದ್ಯುತ್ ಸ್ಥಾವರವಾದರೋ ವರ್ಷಗಳಿಂದ ಇಂಧನ ತುಂಬಿಕೊಂಡು ನಡೆಯುತ್ತಿದೆ. ಸ್ಥಾವರಕ್ಕೆ ಏಟು ಬೀಳುವುದೇ ಬೇಕಿಲ್ಲ, ಅದಕ್ಕೆ ಹೊರಗಿನಿಂದ ವಿದ್ಯುತ್ ಒಯ್ಯುವ ಎರಡು ಮಾರ್ಗಗಳು ಕಡಿದರೂ ತಂಪುಗೊಳಿಸುವ ವ್ಯವಸ್ಥೆ ನಿಂತು ಇಂಧನ ಕರಗಬಹುದೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಮುಖ್ಯಸ್ಥ ರಫೇಲ್ ಗ್ರಾಸಿ 2025ರ ಜೂನ್ 20ರಂದು ಭದ್ರತಾ ಮಂಡಳಿಗೆ ಎಚ್ಚರಿಸಿದರು. ಬುಶೆಹ್ರ್‌ಗೆ ಟೆಹ್ರಾನಿಗಿಂತ ಕುವೈತ್ ನಗರವೇ ಹತ್ತಿರ. ಕುವೈತ್, ಕತಾರ್, ಬಹರೈನ್‌ಗಳ ಜನ ಕುಡಿಯುವುದು ಬಹುತೇಕ ಅದೇ ಕೊಲ್ಲಿಯ ಉಪ್ಪು ತೆಗೆದ ನೀರನ್ನು. ಆ ಸಮುದ್ರ ಕಲುಷಿತವಾದರೆ ತಮ್ಮ ದೇಶದ ನೀರು ಮೂರು ದಿನಕ್ಕೆ ಮುಗಿಯುತ್ತದೆಂಬ ಅಂದಾಜು ಹಿಂದೊಮ್ಮೆ ಸಿಕ್ಕಿತ್ತೆಂದು ಕತಾರಿನ ಪ್ರಧಾನಿ 2025ರ ಮಾರ್ಚಿನಲ್ಲಿ ಹೇಳಿದ್ದರು. ಮಂಗಳೂರು, ಉಡುಪಿ, ಭಟ್ಕಳಗಳ ಎಷ್ಟೋ ಮನೆಗಳಿಗೆ ಇದು ದೂರದ ಸುದ್ದಿಯಲ್ಲ, ಕೊಲ್ಲಿ ದೇಶಗಳಿಗೆ ದುಡಿಯಲು ಹೋಗಿ ಆ ನೀರು ಕುಡಿಯುತ್ತಿರುವವರಲ್ಲಿ ಆ ಮನೆಗಳ ಮಕ್ಕಳೂ ಇದ್ದಾರೆ.

ಸ್ಥಳಾಂತರವೂ ಕೊಲ್ಲುತ್ತದೆ. ಫುಕುಶಿಮಾದಲ್ಲಿ 2011ರ ಅವಘಡದ ಬಳಿಕ ವಿಕಿರಣದಿಂದ ಸತ್ತರೆಂದು ಜಪಾನ್ ಸರ್ಕಾರ ಒಪ್ಪಿಕೊಂಡಿದ್ದು ಒಬ್ಬರನ್ನಾದರೆ, ತರಾತುರಿಯ ತೆರವು, ನಿಂತುಹೋದ ಚಿಕಿತ್ಸೆ, ಮನೆ ಬಿಟ್ಟ ಕೊರಗು ಮೊದಲಾದ ಕಾರಣಗಳಿಂದ ಆ ಪ್ರಾಂತದಲ್ಲಿ ಸತ್ತವರು 2,300ಕ್ಕೂ ಹೆಚ್ಚು; ಅವರಲ್ಲಿ ಬಹುಪಾಲು ವೃದ್ಧರು. ಸುಮಾರು ಒಂದು ಕೋಟಿ ಜನರ ಟೆಹ್ರಾನನ್ನು ತಕ್ಷಣ ಖಾಲಿ ಮಾಡಿ ಎಂದು ಅಮೆರಿಕದ ಅಧ್ಯಕ್ಷರು 2025ರ ಜೂನ್ 16ರಂದು ಹೇಳಿದಾಗ, ಡಯಾಲಿಸಿಸ್ ಮೇಲಿದ್ದವರು, ತುಂಬುಗರ್ಭಿಣಿಯರು ಎಲ್ಲಿಗೆ ಹೋಗಬೇಕೆಂಬುದನ್ನು ಯಾರೂ ಹೇಳಲಿಲ್ಲ. ಪೆಟ್ರೋಲಿಗೆ ಉದ್ದುದ್ದ ಸಾಲುಗಳಿದ್ದವು, ಎರಡೇ ದಿನದಲ್ಲಿ ಇಂಟರ್ನೆಟ್ಟೂ ನಿಂತಿತು. ಪರಮಾಣು ವಿಜ್ಞಾನಿಗಳನ್ನು ಕೊಲ್ಲಲು ವಸತಿ ಕಟ್ಟಡಗಳ ಮೇಲೆ ನಡೆದ ದಾಳಿಗಳಲ್ಲಿ ಅವರ ಮನೆಯವರೂ ನೆರೆಹೊರೆಯವರೂ ಸತ್ತರು. ಆ ಸಾವುಗಳು ಯಾವ ವಿಕಿರಣಮಾಪಕದಲ್ಲೂ ದಾಖಲಾಗುವುದಿಲ್ಲ.

ಕಾನೂನಿನ ಕೊರತೆ ಇಲ್ಲಿಯೇ ಇದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಪ್ರೋಟೊಕಾಲ್‌ನ 56ನೇ ವಿಧಿಯು ಅಣೆಕಟ್ಟು, ಒಡ್ಡುಗಳೊಂದಿಗೆ ಪರಮಾಣು ವಿದ್ಯುತ್ ಸ್ಥಾವರಗಳನ್ನು ಹೆಸರಿಸಿ ರಕ್ಷಿಸುತ್ತದೆ, ಅದಕ್ಕೂ ವಿನಾಯಿತಿಗಳಿವೆ. ಸಂವರ್ಧನಾ ಘಟಕ, ಪರಿವರ್ತನಾ ಘಟಕ, ಸಂಶೋಧನಾ ರಿಯಾಕ್ಟರುಗಳ ಹೆಸರೇ ಅದರಲ್ಲಿಲ್ಲ. ಇಸ್ರೇಲ್, ಭಾರತ ಅದಕ್ಕೆ ಸಹಿಯನ್ನೇ ಹಾಕಿಲ್ಲ, ಅಮೆರಿಕ ಮತ್ತು ಇರಾನ್ ಸಹಿ ಹಾಕಿದ್ದರೂ ಸ್ಥಿರೀಕರಿಸಿಲ್ಲ. ಭಾರತ ಅದಕ್ಕೆ ಸೇರಿದರೂ ಕೈಗಾದಂಥ ವಿದ್ಯುತ್ ಸ್ಥಾವರ ಮಾತ್ರ ಈ ವಿಧಿಯ ವ್ಯಾಪ್ತಿಗೆ ಬರುತ್ತದೆ, ಮೈಸೂರಿನ ಬಳಿಯ ರತ್ನಹಳ್ಳಿಯಂಥ ಸಂವರ್ಧನಾ ಘಟಕ ಬರುವುದಿಲ್ಲ. ರಾಜೀವ್ ಗಾಂಧಿ ಮತ್ತು ಬೆನಜೀರ್ ಭುಟ್ಟೋ ಪ್ರಧಾನಿಗಳಾಗಿದ್ದಾಗ ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಮಾಡಿದ ಒಪ್ಪಂದವು ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ವಿದ್ಯುತ್ ರಿಯಾಕ್ಟರುಗಳ ಜೊತೆಗೆ ಸಂಶೋಧನಾ ರಿಯಾಕ್ಟರು, ಇಂಧನ ತಯಾರಿಕೆ, ಸಂವರ್ಧನೆ, ಮರುಸಂಸ್ಕರಣೆಯ ಘಟಕಗಳನ್ನೂ, ವಿಕಿರಣ ವಸ್ತುಗಳ ದೊಡ್ಡ ದಾಸ್ತಾನುಗಳನ್ನೂ ಅದು ದಾಳಿಯಿಂದ ಹೊರಗಿಡುತ್ತದೆ. ವಿಯೆನ್ನಾದಲ್ಲಿ ಪ್ರತಿವರ್ಷ ನಡೆಯುವ ಪರಮಾಣು ಶಕ್ತಿ ಸಂಸ್ಥೆಯ ಮಹಾಸಮ್ಮೇಳನದಲ್ಲಿ ಈ ಪಠ್ಯವನ್ನೇ ಜಗತ್ತಿನ ಮುಂದಿಡುವ ಹೊಣೆಯನ್ನು ಭಾರತ ಹೊರಬೇಕು. ಎರಡೂ ದೇಶಗಳು 1992ರಿಂದ ಪ್ರತಿ ಜನವರಿ 1ರಂದು ತಮ್ಮ ಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತ ಬಂದಿವೆ; ಕಾರ್ಗಿಲ್ ಯುದ್ಧದ ಮರುವರ್ಷವೂ ಅದು ತಪ್ಪಲಿಲ್ಲ.