ಎಣಿಕೆಗೆ ಸಿಕ್ಕಿದ್ದೆಲ್ಲ ಮೆಚ್ಚುಗೆಯಲ್ಲ



ಯಾವುದೇ ಕಾರ್ಯವು ಮುಗಿದ ಮೇಲೆ ಅದರ ಫಲವೇನೆಂದು ವಿಚಾರಿಸುವುದು ವಿವೇಕಿಗಳ ಲಕ್ಷಣ. ಬಿತ್ತಿ ಬೆಳೆದ ರೈತನು ಸುಗ್ಗಿಯಲ್ಲಿ ಕೊಳಗ ಹಿಡಿದು ರಾಶಿಯನ್ನು ಅಳೆಯುತ್ತಾನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ರಾಶಿಯನ್ನು ಬಿಟ್ಟು, ಕಣದ ಅಂಚಿಗೆ ಹಾರಿ ಬಿದ್ದ ಹೊಟ್ಟನ್ನು ಅಳೆದು, ಈ ವರ್ಷ ಬೆಳೆ ಸಮೃದ್ಧವಾಯಿತೆಂದು ಹಿಗ್ಗುವವನನ್ನು ನಾವು ಏನೆಂದು ಕರೆಯಬೇಕು? ನಮ್ಮ ಸಂಘಸಂಸ್ಥೆಗಳು, ಭಕ್ತಮಂಡಳಿಗಳು, ಹಳೆಯ ವಿದ್ಯಾರ್ಥಿಗಳ ಬಳಗಗಳು ಸಾಮಾಜಿಕ ಜಾಲತಾಣಗಳಲ್ಲಿ ಪ್ರಕಟಿಸುವ ಚಿತ್ರಬರಹಗಳ ವಿಷಯದಲ್ಲಿ ಇಂದು ನಡೆಯುತ್ತಿರುವುದು ಇಂತಹ ಹೊಟ್ಟಿನ ಅಳತೆಯೇ ಆಗಿದೆ. ಉಪನ್ಯಾಸ ಹೇಗಿತ್ತೆಂದು ಕೇಳಿದರೆ ಲೈಕುಗಳ ಸಂಖ್ಯೆಯನ್ನು ಹೇಳುತ್ತಾರೆ. ರಕ್ತದಾನ ಶಿಬಿರಕ್ಕೆ ಎಷ್ಟು ಜನ ಬಂದರೆಂದು ಕೇಳಿದರೆ ಎಷ್ಟು ಜನ ನೋಡಿದರೆಂಬ ಉತ್ತರ ಬರುತ್ತದೆ. ಈ ಮಾತು ಕೆಲವರಿಗೆ ಕಹಿಯಾದೀತು. ಆದರೂ ಹೇಳದೆ ವಿಧಿಯಿಲ್ಲ.

ತುಮಕೂರಿನ ಶಿರಾ ಗೇಟನ್ನು ನಿಮ್ಮಲ್ಲಿ ಬಹುಮಂದಿ ಬಲ್ಲಿರಿ. ಅಲ್ಲಿ ಒಬ್ಬನು ಪುಸ್ತಕ ಹಿಡಿದು ನಿಂತು, ಬೆಳಗಿನಿಂದ ಬೈಗಿನವರೆಗೆ ಹಾದುಹೋಗುವ ವಾಹನಗಳನ್ನೆಲ್ಲ ಗೀಟು ಹಾಕಿ ಎಣಿಸುತ್ತಾನೆಂದು ಭಾವಿಸಿರಿ. ಅವನ ಲೆಕ್ಕ ಸುಳ್ಳಲ್ಲ. ರಸ್ತೆಯನ್ನು ಎಷ್ಟು ಅಗಲ ಮಾಡಬೇಕೆಂದು ತೀರ್ಮಾನಿಸುವ ಇಂಜಿನಿಯರಿಗೆ ಅದು ಬೇಕಾದುದೇ. ಆದರೆ ಆ ಬಸ್ಸಿನಲ್ಲಿ ಮದುವೆಗೆ ಹೊರಟವರು ಯಾರು, ಆಸ್ಪತ್ರೆಗೆ ಹೊರಟವರು ಯಾರು, ನಿದ್ದೆಗಣ್ಣಿನಲ್ಲಿ ಊರನ್ನು ನೋಡದೆಯೇ ದಾಟಿ ಹೋದವರು ಯಾರು ಎಂಬುದು ಅವನ ಗೀಟುಗಳಲ್ಲಿ ಸಿಕ್ಕೀತೆ? ಸಂಜೆ ಪುಸ್ತಕ ಮುಚ್ಚಿ, ‘ಇಂದು ಇಷ್ಟು ಸಾವಿರ ಮಂದಿ ತುಮಕೂರನ್ನು ಮೆಚ್ಚಿದರು’ ಎಂದು ಅವನು ಸಾರಿದರೆ ನಾವು ನಗುವುದಿಲ್ಲವೆ? ಜಾಲತಾಣದ ‘ವ್ಯೂಸ್’ ಎಂಬ ಸಂಖ್ಯೆಯನ್ನು ಹಿಡಿದು ನಾವು ಸಾರುತ್ತಿರುವುದೂ ಇದನ್ನೇ.

ಈ ಸಂಖ್ಯೆಯ ಒಳಗೇನಿದೆ ಎಂಬುದನ್ನು ಒಮ್ಮೆ ಬಿಚ್ಚಿ ನೋಡೋಣ. ಫೇಸ್‌ಬುಕ್ಕಿನಲ್ಲಿ ಬಹುಕಾಲ ಒಂದು ವಿಡಿಯೋ 3 ಸೆಕೆಂಡು ಓಡಿದರೆ ಅದನ್ನು ಒಂದು ವೀಕ್ಷಣೆಯೆಂದು ಎಣಿಸುತ್ತಿದ್ದರು. ಯೂಟ್ಯೂಬಿನ ಶಾರ್ಟ್ಸ್ ಎಂಬ ಕಿರುವಿಡಿಯೋಗಳಲ್ಲಿ 2025ರ ಮಾರ್ಚ್ 31ರಿಂದ ಅಷ್ಟೂ ಬೇಕಾಗಿಲ್ಲ. ವಿಡಿಯೋ ಓಡಲು ತೊಡಗಿದರೆ ಸಾಕು, ಒಂದು ವೀಕ್ಷಣೆ ಸೇರಿತು. ತಾನಾಗಿಯೇ ಮತ್ತೊಮ್ಮೆ ಓಡಿದರೆ ಇನ್ನೊಂದು. ಹೆಬ್ಬೆರಳು ಪರದೆಯ ಮೇಲೆ ಜಾರುವಾಗ ಅರೆಕ್ಷಣ ತಡೆದದ್ದೂ, ಒಬ್ಬ ತಾಯಿ ಕೆಲಸ ಬಿಟ್ಟು ಕುಳಿತು ಕಣ್ಣೊರೆಸಿಕೊಂಡು ನೋಡಿದ್ದೂ ಈ ಲೆಕ್ಕದಲ್ಲಿ ಸರಿಸಮಾನ. ‘ಎಂಗೇಜ್‌ಮೆಂಟ್ ದರ’ ಎಂದು ಹೇಳುವುದೂ ಬ್ರಹ್ಮವಿದ್ಯೆಯಲ್ಲ. ಲೈಕು, ಟಿಪ್ಪಣಿ, ಹಂಚಿಕೆಗಳನ್ನು ಕೂಡಿಸಿ, ಅದನ್ನು ಕಂಡವರ ಸಂಖ್ಯೆಯಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದು ಅದು. 2,000 ಮಂದಿ ಕಂಡ ಬರಹಕ್ಕೆ 100 ಪ್ರತಿಕ್ರಿಯೆ ಬಂದರೆ ಶೇಕಡಾ 5. 20,000 ಮಂದಿ ಕಂಡದ್ದಕ್ಕೆ 600 ಬಂದರೆ ಶೇಕಡಾ 3. ಕೆಲವರು ಕಂಡವರ ಸಂಖ್ಯೆಯ ಬದಲು ಹಿಂಬಾಲಕರ ಸಂಖ್ಯೆಯಿಂದ ಭಾಗಿಸುತ್ತಾರೆ. ಆಗ ಅದೇ ಬರಹಕ್ಕೆ ಬೇರೆಯೇ ದರ ಬರುತ್ತದೆ. ಭಾಜಕವನ್ನು ಬದಲಿಸಿ ಬಡವನನ್ನು ಧನಿಕನನ್ನಾಗಿ ಮಾಡುವ ಗಣಿತವಿದು. ಹೊಗಳಿದ ಟಿಪ್ಪಣಿಗೂ ಬೈದ ಟಿಪ್ಪಣಿಗೂ ಇಲ್ಲಿ ಬೆಲೆ ಒಂದೇ ಎಂಬುದನ್ನು ಮರೆಯಬಾರದು.

ಇನ್ನು ಈ ತಕ್ಕಡಿ ಯಾರದು? ಸಂತೆಯಲ್ಲಿ ವ್ಯಾಪಾರಿಯ ತಕ್ಕಡಿಯನ್ನು ಸರ್ಕಾರದ ಅಧಿಕಾರಿ ಬಂದು ಪರೀಕ್ಷಿಸಿ ಮುದ್ರೆ ಒತ್ತುತ್ತಾನೆ. ಜಾಲತಾಣದಲ್ಲಿಯಾದರೋ ಸರಕು ಮಾರುವವನದೇ ತಕ್ಕಡಿ, ಅವನದೇ ಬಟ್ಟು, ಅವನದೇ ಮುದ್ರೆ. ಜನರು ವಿಡಿಯೋ ನೋಡುವ ಸರಾಸರಿ ಅವಧಿಯನ್ನು ಎರಡು ವರ್ಷ ಕಾಲ ಹೆಚ್ಚಾಗಿ ತೋರಿಸಿದ್ದೇವೆಂದು ಫೇಸ್‌ಬುಕ್ ಸಂಸ್ಥೆಯೇ 2016ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. 3 ಸೆಕೆಂಡಿಗಿಂತ ಮೊದಲೇ ಬಿಟ್ಟುಹೋದವರನ್ನು ಲೆಕ್ಕದಿಂದ ಕೈಬಿಟ್ಟು ಸರಾಸರಿ ತೆಗೆದುದೇ ಅದಕ್ಕೆ ಕಾರಣ. 2021ರ ನವೆಂಬರಿನಲ್ಲಿ ಯೂಟ್ಯೂಬು, ಮೆಚ್ಚದವರ ಸಂಖ್ಯೆಯನ್ನು ಸಾರ್ವಜನಿಕರ ಕಣ್ಣಿಗೆ ಮರೆಮಾಡಿತು. ಮೆಚ್ಚಿದವರ ಸಂಖ್ಯೆಯನ್ನು ಹಾಗೆಯೇ ಉಳಿಸಿತು. ಒಂದೇ ತಟ್ಟೆಯ ತಕ್ಕಡಿಯಲ್ಲಿ ತೂಕವನ್ನು ನಂಬುವುದು ಹೇಗೆ?

ಅಳತೆಯು ಬರಿಯ ಅಳತೆಯಾಗಿ ಉಳಿದಿದ್ದರೂ ಚಿಂತೆಯಿರಲಿಲ್ಲ. ಅದು ಮನುಷ್ಯರನ್ನೇ ತಿದ್ದತೊಡಗುತ್ತದೆ. ಫೇಸ್‌ಬುಕ್ಕಿನಲ್ಲಿ 2009ರಲ್ಲಿ ಬಂದ ಲೈಕಿನ ಗುಂಡಿಯ ಜೊತೆಗೆ ಮುಂದೆ ನಗೆ, ಬೆರಗು, ಸಿಟ್ಟು ಮೊದಲಾದ ಮುಖಚಿಹ್ನೆಗಳೂ ಬಂದವು. 2017ರಲ್ಲಿ ಆ ಸಂಸ್ಥೆಯು ಇಂತಹ ಒಂದು ಚಿಹ್ನೆಗೆ ಐದು ಲೈಕುಗಳ ತೂಕ ಕೊಟ್ಟಿತೆಂಬ ಸಂಗತಿ 2021ರಲ್ಲಿ ಹೊರಬಿದ್ದ ಅದರ ಒಳಕಾಗದಗಳಿಂದ ಲೋಕಕ್ಕೆ ತಿಳಿಯಿತು. ಸಿಟ್ಟಿನ ಚಿಹ್ನೆಗೂ ಅದೇ ತೂಕ! ಸಿಟ್ಟು ಬರಿಸುವ ಬರಹವನ್ನು ಯಂತ್ರವು ಹೆಚ್ಚು ಜನರ ಮುಂದೆ ಹಿಡಿಯಿತು; ಅದನ್ನು ಕಂಡ ಬರಹಗಾರರು ಸಿಟ್ಟು ಬರಿಸುವುದನ್ನೇ ಕಲಿತರು. 2020ರ ಹೊತ್ತಿಗೆ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿದರು, ನಿಜ. ಆದರೆ ಕಲಿತವರು ಮರೆತರೆ? ಅಳತೆಗೋಲೇ ಗುರಿಯಾದರೆ ಅದು ಅಳತೆಗೋಲಾಗಿ ಉಳಿಯುವುದಿಲ್ಲವೆಂಬ ಮಾತಿನ ಮೂಲದಲ್ಲಿರುವವರು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್. ಅವರು 1975ರಲ್ಲಿ ಹಣಕಾಸು ನೀತಿಯನ್ನು ಕುರಿತು ಹೇಳಿದುದು ಇಂದು ನಮ್ಮ ಅಂಗೈಯ ಯಂತ್ರಕ್ಕೂ ಅಕ್ಷರಶಃ ಸಲ್ಲುತ್ತದೆ.

‘ಎಣಿಸದೆ ಇದ್ದರೆ ನಮ್ಮ ಕೆಲಸ ಜನರಿಗೆ ಮುಟ್ಟಿತೆಂದು ತಿಳಿಯುವುದು ಹೇಗೆ? ಕಾಲಕ್ಕೆ ತಕ್ಕಂತೆ ನಡೆಯಬೇಡವೆ?’ ಎಂದು ಯುವಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಅವರ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ದೂರದೇಶದ ಹಳೆಯ ವಿದ್ಯಾರ್ಥಿಗೆ ಜಾತ್ರೆಯ ದರ್ಶನ ಮಾಡಿಸಿದವರು ಅವರೇ. ಎಣಿಕೆಯನ್ನೂ ನಾವು ಹಳಿಯುವುದಿಲ್ಲ. ಸಿದ್ಧಗಂಗೆಯಲ್ಲಿ ಡಾ. ಶ್ರೀ ಶಿವಕುಮಾರ ಸ್ವಾಮಿಗಳು 2019ರ ಜನವರಿ 21ರಂದು ಲಿಂಗೈಕ್ಯರಾಗುವ ವೇಳೆಗೆ ಎಂಟು-ಹತ್ತು ಸಾವಿರ ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ದೊರೆಯುತ್ತಿದ್ದವು. ಅಷ್ಟು ಮಕ್ಕಳ ಅಡುಗೆ ಎಣಿಕೆಯಿಲ್ಲದೆ ನಡೆದೀತೆ? ದಾಸೋಹದ ಮನೆಯಲ್ಲಿ ಒಲೆ ಹೊತ್ತಿಸುವ ಮೊದಲು ತಲೆ ಎಣಿಸುತ್ತಾರೆ. ಯಾರೂ ಹಸಿದು ಮಲಗಬಾರದೆಂದು ಎಣಿಸುತ್ತಾರೆ. ಉಂಡವರ ಸಂಖ್ಯೆಯನ್ನು ಊರಿಗೆಲ್ಲ ತೋರಿಸಿ ಹೊಗಳಿಕೆ ಗಳಿಸಲೆಂದು ಎಣಿಸುವುದು ಬೇರೆಯ ಜಾತಿಯ ಎಣಿಕೆ. ಮೊದಲನೆಯದು ಕಾಯಕಕ್ಕೆ ಸೇರಿದ್ದು, ಎರಡನೆಯದು ಅಹಂಕಾರಕ್ಕೆ.

ಈ ಎರಡನೆಯ ಎಣಿಕೆಯ ಆಸೆಯು ಎಲ್ಲಿಗೆ ಒಯ್ಯುತ್ತದೆಂಬುದನ್ನು ಹಳೆಯ ವಿದ್ಯಾರ್ಥಿಗಳಾದ ನೀವು ವಿಶೇಷವಾಗಿ ಯೋಚಿಸಬೇಕು. ಗಂಭೀರವಾದ ಉಪನ್ಯಾಸಕ್ಕೆ ಹತ್ತು ಲೈಕು ಬರುತ್ತದೆ. ಪಂಕ್ತಿಯಲ್ಲಿ ಕುಳಿತ ಬಡ ಹುಡುಗನು ತಟ್ಟೆಯನ್ನು ಎತ್ತಿ ಹಿಡಿದ ಚಿತ್ರಕ್ಕೆ ಸಾವಿರ ಬರುತ್ತದೆ. ಮರುವಾರ ಕ್ಯಾಮೆರಾ ಎತ್ತ ತಿರುಗುತ್ತದೆಂದು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಮಂದಿ ಅಂತಹ ಪಂಕ್ತಿಯಲ್ಲಿ ಕುಳಿತು ಮುದ್ದೆ ಉಂಡು ಬೆಳೆದವರು. ಇಂದು ಅಧಿಕಾರಿಗಳಾಗಿದ್ದೀರಿ, ಉಪಾಧ್ಯಾಯರಾಗಿದ್ದೀರಿ, ವೈದ್ಯರಾಗಿದ್ದೀರಿ. ಅಂದು ನಿಮ್ಮ ಹಸಿದ ಮುಖವನ್ನು ಯಾರೂ ಲೋಕಕ್ಕೆ ಹಂಚಲಿಲ್ಲ. ಆದುದರಿಂದಲೇ ತಲೆಯೆತ್ತಿ ಮನೆಗೆ ಹೋದಿರಿ. ಇಂದಿನ ಮಗುವಿಗೆ ಆ ಮರ್ಯಾದೆ ಬೇಡವೆ? ಆ ಹುಡುಗನು ನಾಳೆ ಉದ್ಯೋಗಕ್ಕೆ ಹೋದಾಗಲೂ ಆ ಚಿತ್ರ ಅಲ್ಲಿಯೇ ಇರುತ್ತದೆ. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರಲ್ಲಿ ನಮ್ಮ ದೇಶದ ಸಂಸತ್ತೇ ಕಾಯಿದೆ ಮಾಡಿದೆ. ಕಾಯಿದೆಗಿಂತ ಮೊದಲೇ ಇದನ್ನು ಹೇಳಬೇಕಾದುದು ದಾಸೋಹದ ಧರ್ಮ. ಅನ್ನವಿಕ್ಕಿ ಅದಕ್ಕೆ ಪ್ರತಿಯಾಗಿ ಲೈಕನ್ನು ಬೇಡಿದರೆ ಅದು ದಾಸೋಹವಾಗಿ ಉಳಿಯಲಾರದು, ವ್ಯಾಪಾರವಾಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೂರು ಮಾತು ಸಾಕು. ಮೊದಲನೆಯದಾಗಿ, ಪ್ರಕಟಿಸುವ ಮುನ್ನವೇ ಇದರಿಂದ ಏನಾಗಬೇಕೆಂದು ನಿಶ್ಚಯಿಸಿರಿ. ಆಮೇಲೆ ಅದನ್ನು ಮಾತ್ರ ಎಣಿಸಿರಿ. ಉಚಿತ ವಿದ್ಯಾರ್ಥಿನಿಲಯದ ಪ್ರವೇಶದ ಸೂಚನೆ ಹಾಕಿದರೆ, ಆ ಸೂಚನೆ ನೋಡಿ ಸರಿಯಾದ ದಾಖಲೆಗಳೊಡನೆ ಬಂದ ಹುಡುಗರೆಷ್ಟು ಎಂದು ಕಛೇರಿಯಲ್ಲಿ ಒಂದು ಪ್ರಶ್ನೆ ಕೇಳಿ ಬರೆದುಕೊಳ್ಳಿರಿ. ರಕ್ತದಾನಕ್ಕೆ ಕರೆದರೆ, ಬಂದು ತೋಳು ಚಾಚಿದವರನ್ನು ಎಣಿಸಿರಿ. ಎರಡನೆಯದಾಗಿ, ಟಿಪ್ಪಣಿಗಳನ್ನು ಎಣಿಸುವುದಕ್ಕೆ ಬದಲಾಗಿ ಓದಿರಿ; ಪ್ರಶ್ನೆ ಕೇಳಿದವರಿಗೆ ಉತ್ತರ ಬರೆಯಿರಿ. ಹಿಂದೆ ಮಾಸಪತ್ರಿಕೆಗಳಿಗೆ ಬರುತ್ತಿದ್ದ ಕಾರ್ಡುಗಳನ್ನು ಸಂಪಾದಕರು ಓದುತ್ತಿದ್ದರೇ ಹೊರತು ತೂಗುತ್ತಿರಲಿಲ್ಲ. ಹಳ್ಳಿಯ ಮೇಷ್ಟರೊಬ್ಬರು ತಪ್ಪು ತೋರಿಸಿ ಬರೆದ ಒಂದು ಕಾರ್ಡು ಐನೂರು ಹೊಗಳಿಕೆಗಳಿಗಿಂತ ಹೆಚ್ಚಿನ ಉಪಕಾರ ಮಾಡುತ್ತಿತ್ತು. ಮೂರನೆಯದಾಗಿ, ಉಣ್ಣುವ ಮಗುವಿನ ಮುಖವನ್ನು ಯಾವ ಕಾರಣಕ್ಕೂ ಹಾಕಬೇಡಿರಿ. ಅದಕ್ಕೆ ಎಷ್ಟು ಲೈಕು ಬಂದೀತೆಂಬ ಪ್ರಶ್ನೆಯೇ ಏಳಬಾರದು.

ವಾಚಕ ಬಂಧುಗಳೇ, ಮುಂದಿನ ಸಲ ನಿಮ್ಮ ಬಳಗದ ಸಭೆಯಲ್ಲಿ ಯಾರಾದರೂ ಎದ್ದು, ನಮ್ಮ ಪುಟವನ್ನು ಇಷ್ಟು ಲಕ್ಷ ಮಂದಿ ನೋಡಿದರೆಂದು ವರದಿ ಓದಿದಾಗ ಚಪ್ಪಾಳೆ ತಟ್ಟುವ ಮೊದಲು ಒಂದು ಪ್ರಶ್ನೆ ಕೇಳಿರಿ: ಅವರಲ್ಲಿ ಬಂದವರೆಷ್ಟು, ಕೊಟ್ಟವರೆಷ್ಟು, ಕಲಿತವರೆಷ್ಟು? ಉತ್ತರ ಹತ್ತೇ ಆಗಿದ್ದರೆ ಆ ಹತ್ತನ್ನು ವರದಿಯಲ್ಲಿ ಬರೆಯಿರಿ. ಲಕ್ಷದ ಸಂಖ್ಯೆಯನ್ನು ಅದನ್ನು ಕೊಟ್ಟ ಯಂತ್ರಕ್ಕೇ ಬಿಟ್ಟುಬಿಡಿರಿ.